ಖಾಲಿ ಕೊಡಬಾರದ ಡಬ್ಬಿ

ಡಬ್ಬಿ ತೆರೆದ ಇಂದುವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆಯೇ ಎಂದು ಪರೀಕ್ಷಿಸಲು ಕಣಕಟ್ಟೆಯ ಮನೆಮನೆಗೂ ಅವಳು ಹಂಚಿದ್ದ ಡಬ್ಬಿ ಅದು. ಲಕ್ಷ್ಮೀಶ ಅದರ ತುಂಬ ಕೊಬ್ಬರಿ ಸಕ್ಕರೆ ತುಂಬಿ ತಂದಿದ್ದ.

"ಇದೇನ್ರೀ ಇದು?"

"ಇಸ್ಕೊಂಡ ಡಬ್ಬಿನ ಖಾಲಿ ಕೊಡಬಾರ್ದು ಕಣ್ರೀ," ಎಂದ ಅವನು ನೆಲ ನೋಡುತ್ತಾ. "ಅದನ್ನ ನಿಮ್ ಕೈಗೆ ಹೆಂಗ್ ಕೊಡ್ಲಿ? ಬೇರೆ ಯಾರಾದ್ರೂ ಆಗಿದ್ರೆ ಕೊಟ್ಬಿಡ್ತಿದ್ದೆ."

ಅವಳ ಕಿವಿ ಬಿಸಿಯಾಯಿತು. ಕೂಲಿಗೆ ತೆಂಗಿನಕಾಯಿ ಸುಲಿಯುವ, ಐವತ್ತರ ಹತ್ತಿರದ ಈ ಒಂಟಿ ಮನುಷ್ಯ ಊರಿಗೆಲ್ಲ ಲಕ್ಷ್ಮೀಶಣ್ಣ. ಊರಿನ ಆಶಾ ಕಾರ್ಯಕರ್ತೆಯಾದ ಇಂದುವೊಬ್ಬಳೇ ಅವನನ್ನು ಬರೀ 'ರೀ' ಎಂದು ಕರೆಯುತ್ತಿದ್ದಳು. ಗಂಡ ಸತ್ತ ಮೇಲೆ ಅವಳು ಯಾರನ್ನೂ ಅಷ್ಟು ಮೆತ್ತಗೆ ಕರೆದಿರಲಿಲ್ಲ.

"ರಕ್ತ ಏನಾದ್ರೂ ಹೋಗ್ತೈತಾ?"

"ಒಂದೊಂದ್ಸಲ. ಉಷ್ಣ ಅಷ್ಟೆ. ಎಳನೀರು ಕುಡುದ್ರೆ ಸರಿಹೋಯ್ತದೆ."

ಇಂದುವಿನ ಮುಖ ಸಣ್ಣಗಾಯಿತು. "ನಮ್ಮನೆಯೋರೂ ಉಷ್ಣ ಅಂತಾನೇ ಅಂತಿದ್ರು. ನಾನು ಮೆಂತ್ಯ ನೆನೆಸಿ ಕೊಡ್ತಾ ಕೂತೆ." ಇನ್ನೊಂದು ಡಬ್ಬಿ ತೆಗೆದು ಅವನ ಅಂಗೈಯಲ್ಲಿಟ್ಟು, ತಾನೇ ಬೆರಳು ಮಡಚಿದಳು. "ನನ್ ಮೇಲೆ ಮನಸ್ಸಿದ್ರೆ, ಇದನ್ನ ಸರಿಯಾಗಿ ಕೊಡಿ."

ಮರುದಿನ ಅವನು ಮುಖ ತಿರುಗಿಸಿಕೊಂಡೇ ಕೊಟ್ಟ. ರಕ್ತವಿದೆ ಎಂದು ವರದಿ ಬಂತು. ಹಾಸನದ ಆಸ್ಪತ್ರೆಯಲ್ಲಿ ಒಳಗೆ ಕ್ಯಾಮೆರಾ ಬಿಟ್ಟು ನೋಡಿದ ಡಾಕ್ಟರು, ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆಯಿದೆ, ಎಷ್ಟು ಹರಡಿದೆಯೋ ಆಪರೇಷನ್ ಮಾಡಿದ ಮೇಲೆಯೇ ಗೊತ್ತಾಗುವುದು ಎಂದರು.

ಆಪರೇಷನ್ನಿನ ಬೆಳಿಗ್ಗೆ ಅವನು ಮಂಚದ ಅಂಚಿನಲ್ಲಿ ಕೂತಿದ್ದ. ವಾರ್ಡಿನ ಫಿನಾಯಿಲ್ ವಾಸನೆಗೆ ಪಕ್ಕದಲ್ಲಿದ್ದ ಇಂದು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಗಂಡನನ್ನು ಕಳೆದುಕೊಂಡದ್ದೂ ಇಂಥದೇ ವಾಸನೆಯ ನಡುವೆ.

"ಮದ್ವೆ ಮಾತು ಎತ್ತಬೇಕು ಅಂತಿದ್ದೆ," ಎಂದ ಲಕ್ಷ್ಮೀಶ. "ಧೈರ್ಯ ಬರೋ ಹೊತ್ಗೆ ಹಿಂಗಾಯ್ತು. ಈಗ ಬೇಡ ಬಿಡಿ."

ಅವಳು ಉತ್ತರಿಸುವ ಮೊದಲೇ ಸ್ಟ್ರೆಚರ್ ಬಂತು. ಮಲಗಿದವನು ನಗಲು ನೋಡಿದ. "ಡಾಕ್ಟ್ರು ನನ್ನ ಖಾಲಿ ಮಾಡಿ ಕೊಟ್ರೆ?"

"ಹೆಂಗ್ ಕೊಟ್ರೂ ಇಸ್ಕೊತೀನಿ ಕಣ್ರೀ. ಆಸ್ಪತ್ರೆಯೋರ್ಗೆ ನಿಮ್ಮ ಹೆಂಡ್ತಿ ಅಂತ ಹೇಳೇ ಇಲ್ಲಿ ನಿಂತಿದ್ದೀನಿ."

ಅವನು ಅವಳನ್ನೇ ನೋಡುತ್ತಾ ಆಪರೇಷನ್ ಕೋಣೆಯೊಳಗೆ ಹೋದ. ಬಾಗಿಲು ಮುಚ್ಚಿತು. ಇಂದು ಚೀಲದಿಂದ ಆ ಮೊದಲನೆಯ ಡಬ್ಬಿ ತೆಗೆದಳು. ಎತ್ತಿಟ್ಟ ಕೊಬ್ಬರಿ ಕಮಟಾಗಿತ್ತು. ಆದರೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಬಾಗಿಲು ನೋಡುತ್ತಾ ಕೂತಳು.