‘ಏನಿಲ್ಲ’ ಅಂದವರ ಸರದಿ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ವ್ಯಾಪಾರ ಕಾವೇರುವ ಹೊತ್ತಿಗೆ ಊರಿನ ಮೇಲಿನ ಗಾಳಿಯಲ್ಲಿ ಕಣ್ಣಿಗೆ ಕಾಣದ ನೂಕುನುಗ್ಗಲು ಶುರುವಾಗುತ್ತಿತ್ತು. ವ್ಯಾಪಾರಿಗಳ ಫೋನು, ತೂಕದ ಯಂತ್ರ, ಚಾಲಕನಿಲ್ಲದ ಲಾರಿ, ಆಸ್ಪತ್ರೆಯ ಉಪಕರಣ, ನೀರಿನ ಪಂಪು ಎಲ್ಲವೂ ಒಂದೇ ಗಳಿಗೆಗೆ ಮಾತಾಡಬೇಕೆನ್ನುತ್ತಿದ್ದವು. ಈ ಮಾತುಗಳು ಸಾಗುವ ಅಲೆಗಳ ದಾರಿಯನ್ನು ತರಂಗಾಂತರ ಎನ್ನುತ್ತಾರೆ. ರಸ್ತೆಯಾದರೆ ಅಗಲ ಮಾಡಬಹುದು. ಈ ದಾರಿ ಇದ್ದಷ್ಟೇ. ಅದನ್ನು ಯಾರಿಗೆ ಎಷ್ಟು, ಯಾವಾಗ ಕೊಡಬೇಕು ಎಂದು ಗೊತ್ತು ಮಾಡುತ್ತಿದ್ದದ್ದು ‘ಸರದಿ’.

ಸರದಿ ಒಂದು ಪೆಟ್ಟಿಗೆಯಲ್ಲ, ಒಂದು ಲೆಕ್ಕದ ಕ್ರಮ. ದೂರದ ಊರುಗಳಲ್ಲಿ ಕಟ್ಟಡಗಟ್ಟಲೆ ತುಂಬಿದ್ದ ಗಣಕಗಳಲ್ಲಿ, ಅಂದರೆ ಜನ ಕ್ಲೌಡ್ ಎಂದು ಕರೆಯುವಲ್ಲಿ, ಅದು ವಾಸವಾಗಿತ್ತು. ಒಂದು ಕಟ್ಟಡ ಕೆಟ್ಟರೆ ಕೂಡಲೇ ಇನ್ನೊಂದು ಹೆಗಲು ಕೊಡುತ್ತಿತ್ತು. ಒಂದು ಗೋಪುರ ಬಿದ್ದರೆ ಪಕ್ಕದ ಗೋಪುರ ಅದರ ಕರೆಗಳನ್ನು ಎತ್ತಿಕೊಳ್ಳುತ್ತಿತ್ತು. ಶುರುವಾದಾಗಿನಿಂದ ಜಾಲ ಒಂದು ಕ್ಷಣವೂ ನಿಂತಿರಲಿಲ್ಲ. ಯಂತ್ರಗಳು ಕಳಿಸುವ ಅಂಕಿಗಳನ್ನು ಸರದಿ ನೋಡುತ್ತಿತ್ತು, ಮನುಷ್ಯರಾಡುವ ಮೊದಲ ಮಾತನ್ನು ಕೇಳುತ್ತಿತ್ತು. ಅದರಿಂದಲೇ ಅವಸರವನ್ನು ತೂಗುತ್ತಿತ್ತು. ‘ಬೆಂಕಿ’ ಎಂದವರು ಮುಂದೆ, ‘ಸುಮ್ನ ಮಾಡಿದ್ದೆ’ ಎಂದವರು ಹಿಂದೆ. ಹಿಂದೆ ಉಳಿದವರ ಮಾತನ್ನು ಹಿಡಿದಿಟ್ಟುಕೊಂಡು, ದಾರಿ ತೆರವಾದಾಗ ತಲುಪಿಸುತ್ತಿತ್ತು.

ಇದನ್ನು ಕಂಡುಹಿಡಿದ ಡಾ. ಮಾಲತೇಶ ಹಾವನೂರ ಆ ಮಧ್ಯಾಹ್ನ ಮಾರುಕಟ್ಟೆಯ ಪಕ್ಕದ ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದರು. ಊರೂರು ತಿರುಗಿ ಸರದಿ ಹೇಗೆ ನಡೆಯುತ್ತಿದೆ ಎಂದು ನೋಡುವುದು ಅವರ ಪದ್ಧತಿ. ಖಾನಾವಳಿ ನಡೆಸುತ್ತಿದ್ದ ಫಕೀರವ್ವನಿಗೆ ಅವರು ಯಾರೆಂದು ಗೊತ್ತಾದದ್ದೇ ತಡ, ಬಡಿಸುತ್ತ ಬಡಿಸುತ್ತ ತಕರಾರು ಶುರುವಿಟ್ಟಳು. ಬದನೆಕಾಯಿ ಬೇಕೆಂದು ಬೆಳಿಗ್ಗೆ ಹೇಳಿದ ಮಾತು ಕಾಯಿಪಲ್ಯದವಳಿಗೆ ಸಂತೆ ಎದ್ದ ಮೇಲೆ ಮುಟ್ಟಿತ್ತು. ನಾಲ್ಕು ಬದನೆಕಾಯಿ ತರಿಸಲು ಮನೆಗೆ ಬೆಂಕಿ ಬಿದ್ದಿದೆ ಅನ್ನಬೇಕೇ ಎಂದು ಅವಳು ಕೇಳಿದಳು. ಹಾವನೂರರು ನಕ್ಕು, ಅವಳ ಬದನೆಕಾಯಿ ತಡವಾದದ್ದರಿಂದಲೇ ಎಲ್ಲೋ ಒಂದು ಆಂಬುಲೆನ್ಸಿಗೆ ದಾರಿ ಸಿಕ್ಕಿರಬಹುದು ಎಂದರು. ಅದಕ್ಕವಳು ಇನ್ನೊಂದು ರೊಟ್ಟಿಯನ್ನು ತಟ್ಟೆಗೆ ಎಸೆದಂತೆ ಹಾಕಿದಳು.

ಅವಳ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಗಂಡ ಹೊಳಬಸಪ್ಪ ಇನ್ನೂ ಊಟಕ್ಕೆ ಬಂದಿರಲಿಲ್ಲ. ಅವನು ಊರಾಚೆಯ ಒಂದು ಶೀತಗೃಹದಲ್ಲಿ ಕೆಲಸಕ್ಕಿದ್ದ. ಮೆಣಸಿನಕಾಯಿಯ ಬಣ್ಣ ಕೆಡದಂತೆ ಚೀಲಗಳನ್ನು ತಣ್ಣಗಿನ ಕೋಣೆಗಳಲ್ಲಿ ಇಡುವ ಜಾಗ ಅದು. ಒಟ್ಟುವುದು, ಇಳಿಸುವುದು ಎಲ್ಲ ಯಂತ್ರದ ಗಾಡಿಗಳ ಕೆಲಸ. ನಡುವೆ ಕೋಣೆಯೊಳಗೆ ಹೋಗಿ ಚೀಲಗಳನ್ನು ಮುಟ್ಟಿ ನೋಡುವುದು ಮಾತ್ರ ಇವನದು. ಗಿರಾಕಿಗಳು ಕಡಿಮೆಯಾಗುವ ಹೊತ್ತಿಗೆ ದಾರಿಯೂ ತೆರವಾಯಿತೇನೋ, ಫಕೀರವ್ವನ ಫೋನಿಗೆ ಹಿಡಿದಿಟ್ಟ ಮಾತುಗಳು ಒಂದರ ಹಿಂದೊಂದು ಬಂದವು. ಮೂರೂ ಅವನವೇ.

“ಏನಿಲ್ಲ, ಸುಮ್ನ ಮಾಡಿದ್ದೆ. ಗಿರಾಕಿ ಭಾಳ ಅದಾರೇನ?”

“ಏನಿಲ್ಲ… ಊಟಕ್ಕ ಸ್ವಲ್ಪ ತಡಾ ಆಗಬಹುದು. ನೀ ಉಂಡುಬಿಡು.”

ಮೂರನೆಯದರಲ್ಲಿ ಸರದಿಯ ದನಿಯೂ ಇತ್ತು. ಒಬ್ಬರೇ ಮತ್ತೆ ಮತ್ತೆ ಕರೆದರೆ ಅದು, ‘ನಿಮ್ಮ ಕರೆ ತುರ್ತಿನದೇ?’ ಎಂದು ಕೇಳುತ್ತಿತ್ತು. ಹೊಳಬಸಪ್ಪನ ಉತ್ತರ ನಡುಗುತ್ತ ಬಂತು.

“ಹಂಗ ತುರ್ತು ಅಂತೇನಿಲ್ರೀ. ನಿಮಗ ಅನುಕೂಲ ಆದಾಗ ಹಚ್ಚಿಕೊಡ್ರಿ.”

ಫಕೀರವ್ವ ಲಟ್ಟಣಿಗೆಯನ್ನು ಅಲ್ಲೇ ಬಿಟ್ಟಳು. ಕೆಲಸದ ನಡುವೆ ಗಂಡ ಒಮ್ಮೆಯೂ ಫೋನು ಮಾಡಿದವನಲ್ಲ. ಇವತ್ತು ಮೂರು ಸಲ ಮಾಡಿದ್ದ. ಸೀದಾ ಹಾವನೂರರ ಮುಂದೆ ನಿಂತು ಏನಾಗಿದೆ ನೋಡಿರಿ ಎಂದಳು. ಅವರು ಎಡಗೈಯಲ್ಲಿ ಜಾಲದ ಲೆಕ್ಕ ತೋರಿಸುವ ತಮ್ಮ ಫಲಕವನ್ನು ತೆರೆದು ನೋಡಿ, ಕರೆಗಳು ಶೀತಗೃಹದಿಂದಲೇ ಬಂದಿವೆ, ಜಾಲದಲ್ಲಿ ಯಾವ ತೊಂದರೆಯೂ ಇಲ್ಲ, ತುರ್ತಿಲ್ಲವೆಂದು ಅವರೇ ಹೇಳಿದ್ದಾರಲ್ಲ ಎಂದು ಸಮಾಧಾನ ಹೇಳಿದರು.

“ಅವ್ರು ಹಂಗ ಅಂತಾರ್ರೀ ಸಾಹೇಬ್ರ. ಹೋದ ವರ್ಷ ಕಾಲ ಮುರಕೊಂಡು ಬಿದ್ದಾಗೂ ಏನಿಲ್ಲ ಅಂತನ ಅಂದಿದ್ರು.”

ಅಷ್ಟು ಹೇಳಿ ಅವಳು ತಾನೇ ಗಂಡನಿಗೆ ಫೋನು ಹಚ್ಚಿದಳು. ತಳಮಳವೆಲ್ಲ ಬೈಗುಳವಾಗಿಯೇ ಹೊರಬಿತ್ತು. “ಎಲ್ಲಿ ಹಾಳಾಗಿ ಹೋಗೀರಿ? ಸತ್ತೀರೋ, ಬದುಕೀರೋ?”

ಸರದಿ ‘ಸತ್ತೀರೋ’ ಎಂಬುದನ್ನು ಕೇಳಿತು. ಕರೆ ಒಂದೇ ಏಟಿಗೆ ಎಲ್ಲರನ್ನೂ ದಾಟಿ ಮೊದಲ ಸಾಲಿಗೆ ಹೋಯಿತು; ಆಸ್ಪತ್ರೆಗೂ ತಾನಾಗಿಯೇ ಸುದ್ದಿ ಮುಟ್ಟಿತು. ಇಡೀ ಬ್ಯಾಡಗಿಯಲ್ಲಿ ಆ ಮಧ್ಯಾಹ್ನ ಅಷ್ಟು ಬೇಗ ಸಾಗಿದ ಮಾತು ಇನ್ನೊಂದಿರಲಿಲ್ಲ. ಆ ಕಡೆಯಿಂದ ಹಲ್ಲು ಕಟಕಟಿಸುವ ಸದ್ದು, ಆಮೇಲೆ ಗಂಡನ ದನಿ.

“ಬೈಬ್ಯಾಡ. ಬಾಗಲಾ ತಗೀವಲ್ದು, ಅಷ್ಟ.”

ಹೊರಗಿನ ಯಂತ್ರದ ಗಾಡಿ ಒಳಗೆ ಯಾರೂ ಇಲ್ಲವೆಂದುಕೊಂಡು ಬಾಗಿಲಿಗೆ ಒತ್ತಿ ಚೀಲ ಒಟ್ಟಿಬಿಟ್ಟಿತ್ತು. ಒಳಗಿನ ಹಿಡಿಕೆ ತಿರುಗುತ್ತಿತ್ತು, ಬಾಗಿಲು ಅಲ್ಲಾಡುತ್ತಿರಲಿಲ್ಲ. ಜನ ಓಡಿ ಚೀಲ ಸರಿಸಿದಾಗ ಹೊಳಬಸಪ್ಪ ಗೋಡೆಗೆ ಆತು ಕೂತಿದ್ದ. ಆಂಬುಲೆನ್ಸಿಗೆ ಎತ್ತುವಾಗ ಎಲ್ಲರಿಗೂ ತೊಂದರೆ ಕೊಟ್ಟೆನೆಂದು ಕೈಮುಗಿಯಲು ಹೋದ, ಸೆಟೆದ ಬೆರಳುಗಳು ಕೂಡಲಿಲ್ಲ.

ಅವನು ಉಳಿದ. ಬಲಗೈಯ ಎರಡು ಬೆರಳಿನ ತುದಿಗಳು ಉಳಿಯಲಿಲ್ಲ.

ಹಾವನೂರರು ಊರು ಬಿಡಲಿಲ್ಲ. ಆ ಹೊತ್ತಿನ ಲೆಕ್ಕವನ್ನೆಲ್ಲ ಕ್ಲೌಡಿನಿಂದ ತರಿಸಿ ನೋಡಿದರು. ಅದರಲ್ಲಿ ಕಂಡದ್ದು ಅವರಿಗೆ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ತರಿಸಿತು, ಅದೂ ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಹೊಳಬಸಪ್ಪ ನಿಂತಿದ್ದ ಜಾಗದ ಪಕ್ಕದಲ್ಲೇ ಕೋಣೆಯ ಉಷ್ಣತಾಮಾಪಕವಿತ್ತು. ಅವನ ಮೈಯ ಬಿಸಿ, ಅವನ ಉಸಿರು ತಾಗಿ ಅದರ ಅಂಕಿ ಕೊಂಚ ಏರಿತ್ತು. ಕೋಣೆ ಬಿಸಿಯಾಗುತ್ತಿದೆ ಎಂದು ಅದು ಕೂಗಿತು. ಅಂಕಿ ಖಚಿತ, ಸರಕು ಬೆಲೆಯುಳ್ಳದ್ದು. ಸರದಿ ಅದಕ್ಕೆ ಕೂಡಲೇ ದಾರಿ ಕೊಟ್ಟಿತು. ಕ್ಲೌಡು ಲೆಕ್ಕ ಹಾಕಿ, ಇನ್ನಷ್ಟು ತಂಪು ಮಾಡೆಂದು ತಂಪಿನ ಯಂತ್ರಕ್ಕೆ ಮತ್ತೆ ಮತ್ತೆ ಹೇಳಿ ಕಳಿಸಿತು; ಕೋಣೆ ಹೆಪ್ಪುಗಟ್ಟುವ ಚಳಿಗೆ ಇಳಿಯಿತು. ಅವನ ಉಸಿರು ಮುಂದಿನ ಸಾಲಿನಲ್ಲಿ ಹೋಗಿತ್ತು, ಅವನ ಮಾತು ಹಿಂದೆ ನಿಂತಿತ್ತು. ಆ ದಿನದ ವರದಿಯ ಕೊನೆಗೆ ಎಂದಿನಂತೆ ‘ಜಾಲ ಪೂರ್ತಿ ಲಭ್ಯವಿತ್ತು’ ಎಂದು ಬರೆದಿತ್ತು. ಅದು ಸುಳ್ಳೂ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಅವರು ಹೊಳಬಸಪ್ಪನನ್ನು ಕೇಳಿದರು, “ಯಜಮಾನ್ರ, ಅದು ಬಾಯಿಬಿಟ್ಟು ಕೇಳಿತಲ್ರೀ, ತುರ್ತು ಐತೇನು ಅಂತ. ಹೌದು ಅನ್ನಾಕ ಏನಾಗಿತ್ತು?”

ಹೊಳಬಸಪ್ಪ ಬ್ಯಾಂಡೇಜು ಸುತ್ತಿದ ಕೈಯನ್ನು ನೋಡಿಕೊಂಡ. “ನನಗಿಂತ ತುರ್ತು ಇದ್ದವರು ಇರ್ತಾರಲ್ರೀ.”

ಬಾಗಿಲ ಬಳಿ ನಿಂತ ಫಕೀರವ್ವ ಹಣೆ ಚಚ್ಚಿಕೊಂಡಳು.

ಅಷ್ಟರಲ್ಲಿ ಊರಿನಲ್ಲಿ ಇನ್ನೊಂದು ತಮಾಷೆ ಹುಟ್ಟಿತ್ತು. ಬೈದರೆ ಕರೆ ಬೇಗ ಹೋಗುತ್ತದೆ ಎಂಬ ಸುದ್ದಿ ಹಬ್ಬಿ, ವಾರದೊಳಗೆ ಬ್ಯಾಡಗಿಯವರೆಲ್ಲ ‘ಸತ್ತೀಯೇನೋ?’ ಎಂದೇ ಮಾತು ಶುರುಮಾಡತೊಡಗಿದರು. ಹಾಲಿನವನಿಗೆ, ಬೀಗರಿಗೆ, ಶಾಲೆಯ ಮಾಸ್ತರಿಗೂ ಅದೇ. ಆಂಬುಲೆನ್ಸಿನವರು ಓಡಿ ಓಡಿ ಸುಸ್ತಾದರು. ಹಾವನೂರರು ಆ ಪದದ ತೂಕ ಇಳಿಸಿದರೆ ಜನ ಅದಕ್ಕಿಂತ ಕೆಟ್ಟದ್ದನ್ನು ಹುಡುಕಿದರು. ‘ಏನಿಲ್ಲ’ಕ್ಕೆ ತೂಕ ಹೆಚ್ಚಿಸಿ ನೋಡಿದರು. ನಿಜಕ್ಕೂ ಏನೂ ಇಲ್ಲದವರೇ ನೂರಕ್ಕೆ ತೊಂಬತ್ತು ಮಂದಿ; ಜಾಲ ಅವರಿಂದಲೇ ತುಂಬಿಹೋಯಿತು.

ತಲೆ ಕೆಟ್ಟು ಒಂದು ದಿನ ಅವರು ಖಾನಾವಳಿಯಲ್ಲಿ ಕೂತು, ಹಾಗಾದರೆ ನಿಮ್ಮ ಜನ ಒಬ್ಬರ ಮನಸ್ಸನ್ನು ಇನ್ನೊಬ್ಬರು ತಿಳಿಯುವುದಾದರೂ ಹೇಗೆ ಎಂದು ರೇಗಿದರು. ಫಕೀರವ್ವ ಆಗ ತಾನೆ ಒಳಬಂದ ಗೆಳತಿಯ ಜೊತೆ ಮಾತಿಗಿಳಿದಿದ್ದಳು. ಏನು ವಿಶೇಷ ಎಂದಳು ಇವಳು. ಏನಿಲ್ಲವ್ವ ಎಂದಳು ಅವಳು. “ಮತ್ತ?” ಎಂದು ಇವಳು ಸುಮ್ಮನೆ ನಿಂತಳು. ಆಮೇಲೆ ಗೆಳತಿ ಸೆರಗು ಸರಿಮಾಡಿಕೊಂಡು, ಮಗಳ ಸಂಬಂಧ ಮುರಿದ ಕತೆಯನ್ನು ಹೇಳತೊಡಗಿದಳು. ಹಾವನೂರರು ಕೈ ತೊಳೆಯುವುದನ್ನೂ ಮರೆತು ಫಲಕ ತೆರೆದರು.

ಬದಲಾವಣೆ ಚಿಕ್ಕದಾಗಿತ್ತು. ಇನ್ನು ಮುಂದೆ ಸರದಿ ‘ಏನಿಲ್ಲ’ ಎಂದವರನ್ನು ‘ಮತ್ತ?’ ಎಂದು ಕೇಳಿ ಸುಮ್ಮನಿರಬೇಕು. ಜಾಲ ನಡೆಸುವ ಕಂಪನಿಯವರು ಇದಕ್ಕೆ ಒಪ್ಪಲು ತಿಂಗಳುಗಳು ಹಿಡಿದವು. ಮೌನವನ್ನು ಹೊತ್ತು ತಿರುಗಲು ತರಂಗಾಂತರ ಪುಕ್ಕಟೆ ಬಂದಿದೆಯೇ ಎಂದು ಅವರು ಕೇಳಿದರು. ಶೀತಗೃಹಗಳ ಪಾಲನ್ನು ಒಂದಿಷ್ಟು ಕಡಿದು ಹಾವನೂರರು ಆ ಮೌನಕ್ಕೆ ಜಾಗ ಮಾಡಿದರು.

ಅದು ಕೆಲಸ ಮಾಡಿತು. ಎದೆನೋವನ್ನು ಗ್ಯಾಸ್ ಎಂದು ಮುಚ್ಚಿಟ್ಟವರು, ಗಂಡ ಹೊಡೆದದ್ದನ್ನು ಬಾಗಿಲು ತಾಗಿತು ಎಂದವರು ಆ ಚಿಕ್ಕ ಬಿಡುವಿನಲ್ಲಿ ನಿಜ ಹೇಳಿದರು. ಆದರೆ ಹಾವನೂರರ ಮುಂದೆ ಹೊಸ ಅಂಕಿಯೊಂದು ಬೆಳೆಯತೊಡಗಿತು. ಸರದಿ ಯಾರ ಮಾತನ್ನೂ ಅವರಿಗೆ ತೋರಿಸುತ್ತಿರಲಿಲ್ಲ, ಎಷ್ಟು ಹೊತ್ತು ಮಾತಾಡಿದರು ಎಂಬುದನ್ನಷ್ಟೇ ತೋರಿಸುತ್ತಿತ್ತು. ಸರದಿ ‘ಮತ್ತ?’ ಎಂದ ಕೂಡಲೇ ಜನ ಉದ್ದಕ್ಕೆ ಮಾತಾಡುತ್ತಿದ್ದರು. ಕೊನೆಗೆ ಕರೆ ಹಚ್ಚುವುದು ಬೇಡವೆಂದು ಫೋನು ಇಟ್ಟುಬಿಡುತ್ತಿದ್ದರು. ಕರೆ ಹೋಗಬೇಕಾದವರಿಗೆ ಹೋಗುತ್ತಲೇ ಇರಲಿಲ್ಲ. ಇದು ಯಂತ್ರದ ದೋಷವೋ ಅಲ್ಲವೋ ಎಂದು ತಿಳಿಯದೆ ಅವರು ಮತ್ತೆ ಬ್ಯಾಡಗಿಗೆ ಬಂದರು.

ಅವರು ಊಟಕ್ಕೆ ಕೂತಿದ್ದಾಗ ಫಕೀರವ್ವ ಕಟ್ಟಿಗೆಗೆಂದು ಹಿತ್ತಲ ಬಾಗಿಲು ತೆರೆದಳು. ಹೊಳಬಸಪ್ಪ ಅಲ್ಲಿ ಖಾಲಿ ಚೀಲಗಳ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ಬೆರಳಿಗೆ ರೊಟ್ಟಿಯ ಬಿಸಿ ಗೊತ್ತಾಗುವುದಿಲ್ಲವೆಂದೂ, ಆ ಕೋಣೆಯ ಬಾಗಿಲು ಕಂಡರೆ ಕಾಲು ಮುಂದಿಡಲಾಗುವುದಿಲ್ಲವೆಂದೂ ಸಣ್ಣ ದನಿಯಲ್ಲಿ ಹೇಳುತ್ತಿದ್ದ. ಅವಳನ್ನು ಕಂಡು ನಿಲ್ಲಿಸಿದ.

ಯಾರ ಜೋಡಿ ಎಂದು ಅವಳು ಕೇಳಿದಳು.

“ಯಾರಿಲ್ಲ. ನಿನಗ ಹಚ್ಚಿದ್ದೆ. ನಡುವ ಸರದಿ ಕೇಳ್ತು.”

“ನಾ ಇಲ್ಲೇ ಒಲಿ ಮುಂದ ಇದ್ದೆನಲ್ರೀ. ನನಗ ಹೇಳಾಕ ಏನಾಗಿತ್ತು?”

“ನೀ ಕೇಳಲಿಲ್ಲಲ್ಲ.”

ಫಕೀರವ್ವನ ಬಾಯಿಗೆ ಹತ್ತು ಮಾತು ಬಂದವು. ಹಗಲೆಲ್ಲ ಒಲೆಯ ಮುಂದೆ ಬೇಯುವವಳಿಗೆ ಕೇಳುತ್ತ ಕೂರಲು ಹೊತ್ತೆಲ್ಲಿದೆ? ಹೇಳುವವರೇ ಹೇಳಬಾರದೇ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಒಲೆಗೂ ಆ ಚೀಲಗಳಿಗೂ ನಡುವೆ ಇದ್ದದ್ದು ಒಂದು ಬಾಗಿಲು. ಅಷ್ಟು ದೂರದ ಮಾತಿಗೆ ತರಂಗಾಂತರ ಬೇಕಿರಲಿಲ್ಲ. ಸರದಿ ಇನ್ನೂ ಹುಟ್ಟಿರದ ನಮ್ಮ ಕಾಲದ ಮನೆಗಳಲ್ಲೂ ಬೇಕಿಲ್ಲ.

ಒಳಗಿನಿಂದ ಹಾವನೂರರು ಇನ್ನೊಂದು ರೊಟ್ಟಿ ಕೇಳಿದರು.

ಅವಳು ಗಂಡನನ್ನು ಸ್ವಲ್ಪ ಸರಿಯಲು ಹೇಳಿ ಚೀಲದ ಮೇಲೆ ಕೂತಳು. ಆಮೇಲೆ ಒಳಗಿನವರಿಗೆ ಕೇಳುವಂತೆ ಕೂಗಿದಳು:

“ತಡೀರಿ ಸಾಹೇಬ್ರ. ಈಗ ಇವರ ಸರದಿ ಐತಿ.”