ತಪ್ಪು ನಂಬರಿನ ಕನ್ನಡಕ

ಸುದ್ದಿ ಬಂದ ಬೆಳಗ್ಗೆ ಅವರು ಅಂಗಡಿಯಲ್ಲಿ ಕೂತು ಹೆಂಡತಿಯ ಕನ್ನಡಕದ ಸಡಿಲವಾದ ತಿರುಪನ್ನು ಬಿಗಿ ಮಾಡುತ್ತಿದ್ದರು. ಆಸ್ಪತ್ರೆಯಿಂದ ಮಗಳ ಫೋನು. "ಅಪ್ಪಾ, ಅಮ್ಮ ಹೋಗಿಬಿಟ್ಟಳು" ಅಂದಳು. ಅವರು ಹೂಂ ಅಂದರು. ತಿರುಪು ಇನ್ನೂ ಅರ್ಧ ಸುತ್ತು ಬಾಕಿ ಇತ್ತು. ಅದನ್ನು ಮುಗಿಸಿ, ಗಾಜು ಒರೆಸಿ, ಜೇಬಿಗಿಟ್ಟುಕೊಂಡು ಎದ್ದರು. ಮಧ್ಯಾಹ್ನದೊಳಗೆ ತಂದುಕೊಡುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದರು.

ಆಸ್ಪತ್ರೆಗೆ ಹೋಗುವ ಬಸ್ಸು ಸಮುದ್ರದ ಪಕ್ಕದಲ್ಲೇ ಸಾಗುತ್ತದೆ. ಕಿಟಕಿಯಲ್ಲಿ ನೀರು ಕಂಡದ್ದೇ ತಡ, ನಲವತ್ತೊಂದು ವರ್ಷ ಹಿಂದಿನ ಒಂದು ದಿನ ಕಣ್ಣಿಗೆ ಕಟ್ಟಿತು.

ಆಗ ಅವರು ಕನ್ನಡಕದ ಅಂಗಡಿ ಇಟ್ಟು ವರ್ಷವಾಗಿತ್ತಷ್ಟೇ. ಎದುರಿನ ಹೊಲಿಗೆ ಅಂಗಡಿಯ ಹುಡುಗಿ ಬಂದು, ಬಗ್ಗಿ ಬಗ್ಗಿ ಬೆನ್ನು ಮುರಿದುಹೋಗಿದೆ, ನೆಟ್ಟಗೆ ಕೂತು ಸೂಜಿ ನೋಡುವಂಥ ಕನ್ನಡಕ ಬೇಕು ಅಂದಳು. ಅಕ್ಷರದ ಹಲಗೆಯನ್ನು ಸೂಜಿಯಷ್ಟೇ ದೂರದಲ್ಲಿ ಹಿಡಿದು ಅಳೆಯಬೇಕಿತ್ತು. ಆದರೆ ಅವಳು ಕಣ್ಣು ಕಿರಿದು ಮಾಡಿ ನೋಡಿದಾಗಲೆಲ್ಲ ಇವರಿಗೆ ನಾಚಿಕೆ. ಹಲಗೆ ಹಿಡಿದೇ ಒಂದೊಂದು ಹೆಜ್ಜೆ ಹಿಂದೆ ಸರಿದರು. ಕೊನೆಗೆ ಬೆನ್ನಿಗೆ ಗೋಡೆ ತಗುಲಿತು. ಕನ್ನಡಕವೂ ಗೋಡೆಯ ದೂರಕ್ಕೇ ತಯಾರಾಯಿತು.

ಎರಡೇ ದಿನಕ್ಕೆ ಅವಳು ಡಬ್ಬಿ ಸಮೇತ ವಾಪಸ್ ತಂದಿಟ್ಟಳು. ಸೂಜಿ ನೋಡಿದರೆ ತಲೆ ತಿರುಗುತ್ತದೆ, ಗೋಡೆಯ ಮೇಲಿನ ಹಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ, ನಾನೇನು ಹಲ್ಲಿಗೆ ಅಂಗಿ ಹೊಲಿಯಬೇಕೇ ಎಂದು ಕೇಳಿದಳು.

ಗಾಜು ಬದಲಿಸಬೇಕಿತ್ತು. ಅದನ್ನು ನಂಬರಿಗೆ ತಕ್ಕಂತೆ ಉಜ್ಜುವವನ ಅಂಗಡಿ ಕರಾವಳಿಯ ಕೊನೆಯ ಪಟ್ಟಣದಲ್ಲಿತ್ತು. ಅವಳಿಗೂ ಅಲ್ಲಿನ ಆಸ್ಪತ್ರೆಗೆ ಹನ್ನೆರಡು ಬಿಳಿ ಕೋಟು ಮುಟ್ಟಿಸುವುದಿತ್ತು. ಒಂದೇ ಬಸ್ಸು. ಕಾವಲಿಗೆ ಅವಳ ಚಿಕ್ಕಮ್ಮ.

ಚಿಕ್ಕಮ್ಮ ದಾರಿಯುದ್ದಕ್ಕೂ ಹುರಿದ ಕಡಲೆಕಾಯಿ ಬಿಡಿಸುತ್ತ ಒಂದು ಸಂಬಂಧದ ಗುಣಗಾನ ಮಾಡಿದಳು. ಹುಡುಗ ಚಿನ್ನದಂಥವನಂತೆ, ಸಂಜೆಯೊಳಗೆ ಒಪ್ಪಿಗೆ ತಿಳಿಸಬೇಕಂತೆ. ಹುಡುಗಿ ಎಲ್ಲಕ್ಕೂ ಹೂಂಗುಟ್ಟುತ್ತಿದ್ದಳು. ಇವರು ತಮ್ಮ ಪಾಲಿನ ಕಡಲೆಕಾಯಿಯನ್ನು ಬಿಡಿಸದೆ ಜೇಬಿಗೆ ಹಾಕಿಕೊಂಡರು. ಸಂಜೆಯೊಳಗೆ ತಾವೂ ಬಾಯಿ ಬಿಡಬೇಕು, ಬಿಡುವ ಧೈರ್ಯವಿಲ್ಲ.

ಕೋಟು ಕೊಟ್ಟಾಯಿತು. ಗುಂಡಿ, ದಾರ ಕೊಂಡದ್ದಾಯಿತು. ಗಾಜಿನವನು ಊಟಕ್ಕೆ ಹೋಗಿದ್ದ, ಬರುವುದು ಮೂರಕ್ಕೆ. ಕಡಲ ದಂಡೆಯ ಕಲ್ಲುಕಟ್ಟೆಯ ಮೇಲೆ ಮೂವರೂ ಐಸ್‌ಕ್ರೀಮ್ ಹಿಡಿದು ಕೂತರು. ತನ್ನದನ್ನು ಮುಗಿಸಿದ ಚಿಕ್ಕಮ್ಮ ಕೂತಲ್ಲೇ ತೂಕಡಿಸಿದಳು.

"ಇಷ್ಟಕ್ಕೆ ಜನ ದೂರದಿಂದ ಬರ್ತಾರಾ?" ಹುಡುಗಿ ಕೇಳಿದಳು. "ನೀಲಿ ಸೀರೆ ಒಣಹಾಕಿದ ಹಾಗಿದೆ. ಸದ್ದು ಮಾತ್ರ ಜಾಸ್ತಿ."

ಇವರಿಗೆ ಆಗ ಹೊಳೆಯಿತು. ಇವಳು ಸಮುದ್ರವನ್ನು ಕಂಡೇ ಇಲ್ಲ. ಡಬ್ಬಿ ತೆಗೆದು ಕೈಗಿತ್ತರು.

ಅವಳು ಕನ್ನಡಕ ಹಾಕಿಕೊಂಡು ತಲೆಯೆತ್ತಿದಳು. ಹಾಗೆಯೇ ಇದ್ದುಬಿಟ್ಟಳು. ಐಸ್‌ಕ್ರೀಮ್ ಕರಗಿ ಮೊಣಕೈಗೆ ಇಳಿಯಿತು, ಪರಿವೆಯಿಲ್ಲ. ಸೀರೆಯೆಂದುಕೊಂಡದ್ದು ಸಾವಿರ ಅಲೆಗಳಾಗಿ ಏಳುತ್ತಿತ್ತು. ಒಂದೊಂದಕ್ಕೂ ಬೇರೆ ಅಂಚು, ಬೇರೆ ಹೊಳಪು. ಅವುಗಳಾಚೆ, ಬಾನು ಬಂದು ನೀರನ್ನು ಮುಟ್ಟಿದಲ್ಲಿ, ಯಾರೋ ಎಳೆದಂಥ ನೇರ ಗೆರೆ.

"ದೋಣಿಯಲ್ಲಿ ಒಬ್ಬ ತಲೆ ಬಾಚಿಕೊಳ್ತಿದಾನೆ" ಎಂದಳು, ಪಿಸುದನಿಯಲ್ಲಿ. "ಇದೆಲ್ಲ ದಿನಾ ಹೀಗೇ ಇರುತ್ತಾ?"

"ದಿನಾ."

"ನನಗೆ ಯಾರೂ ಹೇಳಲೇ ಇಲ್ಲ." ಕರಗಿದ ಐಸ್‌ಕ್ರೀಮ್ ಸಮೇತ ಅವಳ ಕೈಗಳು ತಾವಾಗಿಯೇ ಜೋಡಿಕೊಂಡಿದ್ದವು.

ಆಮೇಲೆ ಇವರ ಕಡೆ ತಿರುಗಿದಳು. ಇವರು ಎದ್ದು, ವಾಡಿಕೆಯಂತೆ ಒಂದು ಹೆಜ್ಜೆ ಹಿಂದಿಟ್ಟರು. ಇನ್ನೊಂದು. ಅವಳ ನೋಟ ಬಿಡದೆ ಬಂತು: ಹಣೆ, ಹುಬ್ಬು, ಬೆವರಿದ ಮೇಲ್ದುಟಿ.

"ಸುಮ್ಮನೆ ಯಾಕೆ ಸರೀತೀರಿ? ಎಲ್ಲಿ ನಿಂತರೂ ಕಾಣ್ತೀರಿ."

ಓಡಲು ಜಾಗವಿರಲಿಲ್ಲ. "ನಿಮ್ಮನ್ನು ಕಂಡರೆ ನನಗೆ ಅಳತೆ ತಪ್ಪುತ್ತೆ" ಎಂದುಬಿಟ್ಟರು.

ಅವಳು ನಗಲಿಲ್ಲ. ಚಿಕ್ಕಮ್ಮನ ತೋಳು ಅಲುಗಿಸಿ, ಸಂಜೆ ಆ ಮನೆಯವರಿಗೆ ಬೇಡವೆಂದು ಹೇಳಿಬಿಡು ಅಂದಳು. ಚಿಕ್ಕಮ್ಮ ಗಾಬರಿಯಾಗಿ, ಯಾಕೇ, ಏನಾಯ್ತೇ ಅಂದಳು.

"ದೂರದಿಂದ ಗಂಡಸರೆಲ್ಲ ನನಗೆ ಒಂದೇ ಥರ ಕಾಣ್ತಿದ್ರು. ಯಾರಾದರೇನು ಅಂತ ಹೂಂ ಅಂತಿದ್ದೆ. ಈಗ ಹಾಗಿಲ್ಲ."

ಮೂರು ಗಂಟೆಗೆ ಗಾಜಿನವನು ಬಂದ. ಇವರು ಹೋಗಲಿಲ್ಲ. ಸೂಜಿಗೆ ಇನ್ನೊಂದು ದಿನ ಬೇರೆ ಮಾಡಿಕೊಡಿ, ಈ ತಪ್ಪು ನನಗೇ ಇರಲಿ ಅಂದಿದ್ದಳು ಹುಡುಗಿ.

ಗಾಜು ಆಮೇಲೆ ಎಷ್ಟೋ ಸಲ ಬದಲಾಯಿತು. ಫ್ರೇಮು ಅದೇ, ಈಗ ಜೇಬಿನಲ್ಲಿರುವುದು.

ಆಸ್ಪತ್ರೆಯ ಕೋಣೆಯಲ್ಲಿ ಮಗಳು ಎದ್ದು ಜಾಗ ಬಿಟ್ಟಳು. ಅವರು ಜೇಬಿನಿಂದ ಕನ್ನಡಕ ತೆಗೆದು, ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಹೆಂಡತಿಯ ತಣ್ಣನೆಯ ಕೈಯೊಳಗಿಟ್ಟರು. ಆಮೇಲೆ ಹಾಸಿಗೆಯ ಪಕ್ಕದಲ್ಲಿ ತಲೆಬಾಗಿ ನಿಂತರು.

ದೇವರೇ, ನೀನು ತೋರಿಸಿದ್ದನ್ನೆಲ್ಲ ಇವಳು ಕೈಮುಗಿದು ನೋಡಿದಳು. ದೂರದ್ದು ಇವಳಿಗೆ ಅಷ್ಟಾಗಿ ಕಾಣುವುದಿಲ್ಲ, ನಿನಗೆ ಗೊತ್ತು. ನನ್ನ ಹಾಗೆ ಹಿಂದೆ ಸರಿಯಬೇಡ. ಹತ್ತಿರ ಬಂದು ನಿಲ್ಲು. ಇವಳ ಆತ್ಮಕ್ಕೆ ಶಾಂತಿ ಕೊಡು.