ಅವಳು ಎದ್ದುಹೋದ ಮೇಲೆ ಅವನಾಡಿದ ಮಾತು

“ಗುಣಮಟ್ಟ ಸಲಹೆಗಾರ್ತಿ ಅಂದ್ರೆ ಏನ್ರೀ? ಸೀದಾ ಟೆಸ್ಟರ್ ಅಂತ ಬರೀಬಾರ್ದಾ?”

ಬೋರ್ಡಿನ ಮೇಲೆ ಬರೆಯುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಪರದೇಶದ ವಿಶ್ವವಿದ್ಯಾಲಯದ ಖಾಲಿ ತರಗತಿಯಲ್ಲಿ, ತನ್ನದೇ ಭಾಷೆಯಲ್ಲಿ, ಹೀಗೆ ಮುಖಕ್ಕೆ ಹೊಡೆದಂತೆ ಮಾತಾಡುವವರು ಯಾರು?!

ಕೊನೆಯ ಬೆಂಚಿನ ಕೆಳಗಿಂದ ಒಂದು ತಲೆ ಮೇಲೆದ್ದಿತು. ಕೈಯಲ್ಲಿ ಪ್ರೊಜೆಕ್ಟರಿನ ವೈರು, ಕೂದಲ ತುಂಬ ಧೂಳು. ತನ್ನಂತೆಯೇ ಒಂದು ತಿಂಗಳು ರಜೆ ಹಾಕಿ, ಇಲ್ಲಿನ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಕೆಲಸಗಳ ಬಗ್ಗೆ ಹೇಳಲು ಬಂದಿರುವ ಪ್ರೋಗ್ರಾಮರ್ ಇವನೇ ಇರಬೇಕು.

“ನಾನೇನು ಬರೀಬೇಕು ಅನ್ನೋದನ್ನ ನೀವು ಹೇಳ್ಬೇಕಾ?”

“ಅಯ್ಯೋ, ಹಾಗಲ್ಲ... ಮಕ್ಕಳಿಗೆ ಅರ್ಥ ಆಗ್ಲಿ ಅಂತ.”

ಅವಳ ಕೆನ್ನೆ ಕಾದ ಹಂಚಾಯಿತು. ಎಂಟು ವರ್ಷದಿಂದ ಅವಳದು ಅದೇ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮು ಜನರ ಕೈಗೆ ಹೋಗುವ ಮೊದಲು ಅದರ ತಪ್ಪು ಹಿಡಿಯುವುದು. ಆದರೆ ಯಾವ ಮದುವೆಮನೆಯಲ್ಲಿ ಸಿಕ್ಕರೂ ಚಿಕ್ಕಪ್ಪನದು ಒಂದೇ ಪ್ರಶ್ನೆ. “ಬರೀ ಟೆಸ್ಟಿಂಗಾ? ಪ್ರೋಗ್ರಾಮು ಬರೆಯೋಕೆ ಬರಲ್ವಾ?” ಆಮೇಲೆ ಎಲ್ಲರ ನಗು.

‘ಇವನೂ ಅದೇ ಜಾತಿ’ ಎಂದುಕೊಂಡಳು.

ಆದರೆ ಅವನನ್ನು ನೋಡುತ್ತ ನೋಡುತ್ತ ಆ ಅನಿಸಿಕೆ ಉಳಿಯಲಿಲ್ಲ. ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿಗೆ ಮಾತು ತೊದಲುತ್ತಿತ್ತು. ಇಂಟರ್‌ವ್ಯೂ ಎಂದರೆ ಬೆವರುತ್ತಿದ್ದ. ದಿನಾ ಊಟದ ನಂತರ ಮೆಟ್ಟಿಲ ಮೇಲೆ ಕೂತು ಅವನಿಗೆ ಇವನು ಅಭ್ಯಾಸ ಮಾಡಿಸುತ್ತಿದ್ದ. ಹುಡುಗ ಒಂದು ಪದದಲ್ಲಿ ಸಿಕ್ಕಿಕೊಂಡರೆ ಇವನು ಒಮ್ಮೆಯೂ ಅದನ್ನು ತಾನೇ ಮುಗಿಸಲಿಲ್ಲ. ಸುಮ್ಮನೆ ಕಾಯುತ್ತಿದ್ದ. ಕೈಯಲ್ಲಿದ್ದ ಚಹಾ ಆರಿಹೋದರೂ ಕಾಯುತ್ತಿದ್ದ.

ಎಷ್ಟು ತಾಳ್ಮೆ ಈ ಮನುಷ್ಯನಿಗೆ!

“ಅತ್ತಿಗೆ, ಆ ಒರಟ ಅಷ್ಟೇನೂ ಒರಟ ಅಲ್ಲ,” ಎಂದಳು ಫೋನಿನಲ್ಲಿ.

“ಓಹೋ! ದಿನಾ ಅವನದೇ ಸುದ್ದಿ... ಏನಮ್ಮಾ ಸಮಾಚಾರ?”

“ಸುಮ್ನಿರಿ ಅತ್ತಿಗೆ!”

ಹನ್ನೆರಡನೆಯ ದಿನ ಇಬ್ಬರೂ ಅರವತ್ತು ವಿದ್ಯಾರ್ಥಿಗಳ ಮುಂದೆ ಕೂತರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ನಿಮ್ಮಿಬ್ಬರ ಕೆಲಸಕ್ಕೂ ಏನು ವ್ಯತ್ಯಾಸ?” ಎಂದು ಕೇಳಿದಳು.

ಅವನು ಮೈಕ್ ತೆಗೆದುಕೊಂಡ. “ನಾನು ತಪ್ಪು ಮಾಡ್ತೀನಿ, ಇವರು ಹುಡುಕ್ತಾರೆ. ಇಂಥವರನ್ನ ಕಂಡ್ರೆ ನಾವೆಲ್ಲ ಎದ್ದೆನೋ ಬಿದ್ದೆನೋ ಅಂತ ಓಡ್ತೀವಿ!”

ಸಭಾಂಗಣ ಘೊಳ್ಳೆಂದು ನಕ್ಕಿತು. ಅವಳಿಗೆ ಕೇಳಿದ್ದು ಮಾತ್ರ ಮದುವೆಮನೆಯ ನಗು. ಎದ್ದು ಹೊರಗೆ ನಡೆದುಬಿಟ್ಟಳು.

‘ಇಷ್ಟು ಒಳ್ಳೆಯವನೂ ಹೀಗೇ ಅಂದನಲ್ಲ...’ ಅದೇ ಅವಳನ್ನು ಹೆಚ್ಚು ಚುಚ್ಚಿತು.

ಸಂಜೆಯೇ ಕಾರ್ಯಕ್ರಮದ ಮೇಲ್ವಿಚಾರಕಿಯ ಬಳಿ ಹೋಗಿ, ಬೇರೆ ಊರಿನ ಕಾಲೇಜಿಗೆ ಕಳಿಸಿ ಎಂದಳು. ಬೆಳಿಗ್ಗೆ ಹತ್ತರ ಬಸ್ಸು ನಿಗದಿಯಾಯಿತು.

ಮರುದಿನ ಪೆಟ್ಟಿಗೆ ಕಟ್ಟುತ್ತಿದ್ದಾಗ ಪ್ರಶ್ನೆ ಕೇಳಿದ್ದ ಹುಡುಗಿ ಏದುಸಿರು ಬಿಡುತ್ತ ಬಂದಳು.

“ಮೇಡಂ, ನಾನೂ ಟೆಸ್ಟರ್ ಆಗ್ತೀನಿ!”

“ನಿನ್ನೆ ಅಷ್ಟು ನಕ್ಕ ಮೇಲೂನಾ?”

“ಸರ್ ಆಮೇಲೆ ಹೇಳಿದ್ದು ನೀವು ಕೇಳ್ಲೇ ಇಲ್ವಾ?”

ಹುಡುಗಿ ಹೇಳುತ್ತ ಹೋದಳು. ಹಿಂದೊಮ್ಮೆ ಅವನು ಆಸ್ಪತ್ರೆಯೊಂದಕ್ಕೆ ಔಷಧದ ಪ್ರಮಾಣ ಲೆಕ್ಕ ಹಾಕುವ ಪ್ರೋಗ್ರಾಮು ಬರೆದಿದ್ದ. ಮರುದಿನವೇ ಕೊಡಬೇಕಿತ್ತು. ಆದರೆ ಟೆಸ್ಟರ್ ಒಬ್ಬಳು, ಇದರಲ್ಲಿ ತಪ್ಪಿದೆ ಎಂದು ಕೊಡಲು ಬಿಡಲಿಲ್ಲ. ಅವನು ಆಕೆಯ ಮೇಲೆ ಕೂಗಾಡಿದ. ಆಕೆ ಜಗ್ಗಲಿಲ್ಲ. ನೋಡಿದರೆ, ಆ ಪ್ರೋಗ್ರಾಮು ಪುಟ್ಟ ಮಕ್ಕಳಿಗೆ ಹತ್ತು ಪಟ್ಟು ಔಷಧ ತೋರಿಸುತ್ತಿತ್ತು!

“‘ಈಗ ಎದ್ದುಹೋದ್ರಲ್ಲ, ಅವರೂ ಅಂಥ ಗಟ್ಟಿಗಿತ್ತಿ. ಆ ಕೆಲಸಕ್ಕೆ ನಾನು ಕೈ ಮುಗೀತೀನಿ’ ಅಂದ್ರು. ಸರ್ ಕಣ್ಣಲ್ಲಿ ನೀರಿತ್ತು ಮೇಡಂ.”

ಅವಳು ಪೆಟ್ಟಿಗೆಯನ್ನು ಹಾಗೇ ಬಿಟ್ಟು ಓಡಿದಳು.

ಲ್ಯಾಬಿನಲ್ಲಿ ಅವನೊಬ್ಬನೇ ಇದ್ದ. ಅವಳನ್ನು ಕಂಡವನೇ ಎದ್ದು ನಿಂತ.

“ನಗಿಸೋಕೆ ಹೋಗಿ ನಿಮ್ಮ ಮನಸ್ಸು ನೋಯಿಸ್ದೆ. ತಪ್ಪಾಯ್ತು.”

“ಪೂರ್ತಿ ಕೇಳದೇನೇ ಎದ್ದು ಬಂದೆ ನಾನು. ನಂದೂ ತಪ್ಪೇ.”

“ಬಸ್ಸು ಹತ್ತಕ್ಕೆ ಅಲ್ವಾ?”

“ಹೋಗಲ್ಲ.”

ಅವನ ಮುಖ ಅರಳಿತು. ಮರುಕ್ಷಣ ಕಸಿವಿಸಿಯಿಂದ ನೆಲ ನೋಡಿದ. “ಒಂದು ಮಾತು... ಮೊದಲ ವಾರ ನೀವು ತರಗತೀಲಿ ‘ನಿಮ್ಮ ಪ್ರೋಗ್ರಾಮಿಂದ ಯಾರಿಗೆ ನೋವಾಗ್ಬಹುದು, ಮೊದ್ಲು ಯೋಚ್ನೆ ಮಾಡಿ’ ಅಂದ್ರಲ್ಲ? ಆವತ್ತೇ ನಾನು ಸೋತೋದೆ ಕಣ್ರೀ. ನಿಮ್ಮನ್ನ ಮದುವೆ ಆಗ್ಬೇಕು ಅನ್ನೋ ಆಸೆ. ನಿಮ್ಮ ಮನೇಲಿ ಯಾರ ಹತ್ರ ಮಾತಾಡ್ಲಿ?”

ಅವಳ ಎದೆ ಡವಗುಟ್ಟಿತು. ತುಟಿಯಂಚಿಗೆ ಬಂದ ನಗುವನ್ನು ತಡೆಯಲಾಗಲಿಲ್ಲ.

“ಮೊದ್ಲು ನನ್ನ ಹತ್ರ ಮಾತಾಡಿ... ನಿಧಾನವಾಗಿ. ಇನ್ನೂ ಹದಿನೇಳು ದಿನ ಇಲ್ಲೇ ಇರ್ತೀನಲ್ಲ.”

“ಆಮೇಲೆ?”

ಅವಳು ಒಂದು ಹೆಜ್ಜೆ ಹತ್ತಿರ ಬಂದು, ಅವನ ಕಿರುಬೆರಳು ಹಿಡಿದಳು.

“ಆಮೇಲೂ ಇರ್ತೀನಿ.”